ನಾಡು ಕಳೆದುಕೊಂಡವರ ನಾದ: ಮುಂಡಗೋಡದ ಭಿಕ್ಷುಗಳ ಸಂಗೀತ ರಾಯಭಾರ

ಉತ್ತರ ಕನ್ನಡ ಜಿಲ್ಲೆಯ ಪೂರ್ವದಂಚಿನ ಮುಂಡಗೋಡದ ಟಿಬೆಟಿಯನ್ ಕಾಲೊನಿಯಿಂದ ಹೊರಟ ಸಂಗೀತವೊಂದು ಅಮೆರಿಕದ ರಂಗಮಂದಿರಗಳನ್ನು ತಲುಪಿದ್ದು ಹೊರಗಿನವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ದೇಶ ದೇಶಗಳ ನಡುವಿನ ಸಂಗೀತ ವಿನಿಮಯದ ಚರಿತ್ರೆಯನ್ನು ಸಾಮಾನ್ಯವಾಗಿ ಸರ್ಕಾರಗಳಿಂದ ಆರಂಭಿಸುತ್ತಾರೆ. ಮೌಲಾನಾ ಆಜಾದರು 1950ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ನಮ್ಮ ಕಲಾವಿದರನ್ನು ಹೊರದೇಶಗಳಿಗೆ ಕಳಿಸಿತು. ಮುಂಡಗೋಡದ ಭಿಕ್ಷುಗಳ ಬೆನ್ನಿಗೆ ಅಂಥ ಸರ್ಕಾರವಿರಲಿಲ್ಲ. ಅವರ ವಿಷಯದಲ್ಲಿ ಸಂಗೀತವೇ ರಾಯಭಾರಿಯ ಕೆಲಸ ಮಾಡಿತು ಎಂಬುದು ನನ್ನ ವಾದ.

ಲಾಸಾ ಬಳಿಯ ಡ್ರೆಪುಂಗ್ ಮಠ ಸ್ಥಾಪನೆಯಾದದ್ದು 1416ರಲ್ಲಿ. 1959ರಲ್ಲಿ ಚೀನಾದ ದಮನದಿಂದ ಟಿಬೆಟ್ ತೊರೆದ ಅಲ್ಲಿನ ಅನೇಕ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೆಯ ಸೆರೆಮನೆಯಲ್ಲಿ ವರ್ಷಗಟ್ಟಲೆ ಕಳೆದರು. ಅಂದಿನ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ ಮುಂಡಗೋಡದ ವಸತಿ 1966ರಲ್ಲಿ ಶುರುವಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಭಿಕ್ಷುಗಳೂ ಬಂದರು. ಕಾಡು ಕಡಿದು, ಹೊಲ ಮಾಡಿ, ಡ್ರೆಪುಂಗ್ ಮತ್ತು ಗಂಡೆನ್ ಮಠಗಳನ್ನು ಮತ್ತೆ ಕಟ್ಟಿದರು.

ಅವರು ಹೊತ್ತು ತಂದ ಸಂಗೀತ ಶಾಸ್ತ್ರಬದ್ಧವಾದದ್ದು. ಪಠಣದ ಏರಿಳಿತಗಳನ್ನು ಬಾಗುಗೆರೆಗಳಲ್ಲಿ ಬರೆದಿಡುವ ‘ಯಾಂಗ್‌ಯಿಗ್’ ಎಂಬ ಸ್ವರಲಿಪಿ ಅದಕ್ಕಿದೆ. ‘ದುಂಗ್‌ಚೆನ್’ ಎಂಬ ಉದ್ದನೆಯ ಕಹಳೆಯೂ ನಮ್ಮ ಶಹನಾಯಿಯ ಬಳಗದ ‘ಗ್ಯಾಲಿಂಗ್’ ವಾದ್ಯವೂ ಜೊತೆಗೂಡುತ್ತವೆ. ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಕಂಠ. ಅತಿ ಮಂದ್ರದಲ್ಲಿ ಹಾಡುತ್ತಿರುವ ಒಬ್ಬನೇ ಭಿಕ್ಷುವಿನ ದನಿಯ ಮೇಲೆ ಇನ್ನೊಂದು ಸ್ವರ ತೇಲಿಬರುತ್ತದೆ. ಇನ್ನೊಂದು ಟಿಬೆಟಿಯನ್ ಮಠವಾದ ಗ್ಯುಟೊದ ಲಾಮಾಗಳ ಇಂಥ ಗಾಯನವನ್ನು ವಿಶ್ಲೇಷಿಸಿ ಧರ್ಮಗಳ ವಿದ್ವಾಂಸ ಹಸ್ಟನ್ ಸ್ಮಿತ್ ಮತ್ತು ಸಂಗಡಿಗರು 1967ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಎದ್ದು ಕೇಳಿಸುವುದು ಮೂಲಸ್ವರದ ಐದು ಪಟ್ಟು ಕಂಪನದ ಸ್ವರ, ಅಂದರೆ ಐದನೆಯ ಹಾರ್ಮೋನಿಕ್. ತಂಬೂರಿಯ ಖರ್ಜದ ತಂತಿಯಲ್ಲಿ ತಾನಾಗಿ ಮೂಡುವ ಸ್ವಯಂಭೂ ಗಾಂಧಾರವೂ ಅದೇ. ಕಿರಾಣಾ ಘರಾಣೆಯ ಗಾಯಕ ಸವಾಯಿ ಗಂಧರ್ವರ ಕುಂದಗೋಳ ಮುಂಡಗೋಡಕ್ಕೆ ದೂರವೇನಲ್ಲ. ಕಿರಾಣಾ ಗಾಯಕರು ತಂಬೂರಿಯಲ್ಲಿ ಕಿವಿಗೊಟ್ಟು ಹುಡುಕುವ ಗಾಂಧಾರವನ್ನು ಮುಂಡಗೋಡದ ಭಿಕ್ಷುಗಳು ಗಂಟಲಿನಿಂದ ಹೊರಡಿಸುತ್ತಾರೆ. ಧಾರವಾಡ ಸೀಮೆಯ ಸಂಗೀತದ ಮಾತು ಬಂದಾಗ ಮುಂಡಗೋಡದ ಹೆಸರು ಕಿವಿಗೆ ಬೀಳದಿರುವುದು ನನಗೆ ನೋವಿನ ಸಂಗತಿ.

1980ರ ದಶಕದ ಕೊನೆಯಿಂದ ಮುಂಡಗೋಡದ ಡ್ರೆಪುಂಗ್ ಮಠದ ಅಂಗವಾದ ಡ್ರೆಪುಂಗ್ ಲೋಸೆಲಿಂಗ್ ಮಠದ ತಂಡಗಳು ಸಂಗೀತ, ನೃತ್ಯಗಳೊಡನೆ ವಿದೇಶ ಪ್ರವಾಸ ಹೊರಟವು. ತಾಸುಗಟ್ಟಲೆ ನಡೆಯುವ ಪೂಜೆ ಒಂದು ಸಂಜೆಯ ಪ್ರದರ್ಶನದ ಅಳತೆಗೆ ಇಳಿಯಿತು. ಅದು ನಷ್ಟವೇ ಹೌದು. ಆದರೆ ಆ ಸಂಜೆಗಳಿಲ್ಲದಿದ್ದರೆ ಈ ನಾದವೂ ಅದರ ಹಿಂದಿನ ದುಃಖವೂ ಅಷ್ಟು ದೂರದವರ ಕಿವಿ ಮುಟ್ಟುತ್ತಿರಲಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನೋವು ಹಸಿಯಾಗಿದ್ದಾಗಲೇ, 2002ರ ಜನವರಿಯಲ್ಲಿ, ಈ ಮಠದ 20 ಭಿಕ್ಷುಗಳು ವಾಷಿಂಗ್ಟನ್ನಿನ ಸ್ಯಾಕ್ಲರ್ ಗ್ಯಾಲರಿಯಲ್ಲಿ ಕುಳಿತು ಏಳು ಅಡಿಯ ಮರಳಿನ ಮಂಡಲ ಬರೆದರು. ನೆಲೆ ಕಳೆದುಕೊಂಡವರು ಅಮೆರಿಕಕ್ಕೆ ಸಾಂತ್ವನ ಹೇಳಿದ ಗಳಿಗೆ ಅದು.

ಪ್ರತಿಯಾಗಿ ಬಂದದ್ದೇನು? ಲೋಸೆಲಿಂಗ್ 1998ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದೊಡನೆ ಶೈಕ್ಷಣಿಕ ಸಂಬಂಧ ಬೆಳೆಸಿತು. ಅದೇ ನಂಟಿನಿಂದ 2006ರಲ್ಲಿ ಟಿಬೆಟಿಯನ್ ಭಿಕ್ಷುಗಳಿಗೆ ವಿಜ್ಞಾನ ಕಲಿಸುವ ಯೋಜನೆ ಹುಟ್ಟಿ, 2014ರಿಂದ ಪಾಠಗಳು ದಕ್ಷಿಣ ಭಾರತದ ಮಠಗಳಲ್ಲೇ ನಡೆದವು. ನಾದ ಹೊರಟ ಅಂಗಳಕ್ಕೆ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನಗಳ ಅಧ್ಯಾಪಕರು ಬಂದಿಳಿದರು.