ವ್ಯಸನವೂ ಅದರ ವಿಮೋಚನೆಯೂ

ಕನ್ನಡ ನುಡಿಯಲ್ಲಿ ವ್ಯಸನವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬಿಡಬೇಕೆಂದರೂ ಬಿಡದೆ ಮನುಷ್ಯನನ್ನು ಹಿಡಿದುಕೊಂಡ ದುಶ್ಚಟವು ಒಂದು. ಒಳಗೊಳಗೇ ಮನಸ್ಸನ್ನು ಕೊರೆಯುವ ದುಃಖವು ಇನ್ನೊಂದು. ಕುಡುಕನನ್ನು ವ್ಯಸನಿಯೆಂದು ಕರೆಯುವ ಜನರೇ, ಮಗನನ್ನು ಕಳೆದುಕೊಂಡ ತಾಯಿಯನ್ನು ಕಂಡು, ಪಾಪ, ವ್ಯಸನಪಡುತ್ತಿರುವಳೆಂದು ಹೇಳುವರು. ಸಂಸ್ಕೃತದಲ್ಲಿಯೂ ಈ ಶಬ್ದಕ್ಕೆ ವಿಪತ್ತೆಂಬ ಅರ್ಥವಿರುವದು. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವದೇ ವ್ಯಸನವೆಂದು ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಈ ಶಬ್ದವನ್ನು ಬಿಡಿಸಿ ತೋರಿಸಿರುವನು. ಚಟವನ್ನೂ ದುಃಖವನ್ನೂ ಒಂದೇ ಹೆಸರಿನಿಂದ ಕರೆದ ಪೂರ್ವಿಕರು ಒಂದು ದೊಡ್ಡ ಸತ್ಯವನ್ನು ಅರಿತಿದ್ದರೆನ್ನಬೇಕು. ಚಟಕ್ಕೆ ಬಿದ್ದವನ ಹೊರಗೆ ಕಾಣುವದು ದೋಷವು. ಒಳಗೆ ಇರುವದು ನೋವು. ದೋಷವೊಂದನ್ನೇ ಕಂಡ ಸಮಾಜವು ಅವನನ್ನು ಜರೆಯಿತು, ದಂಡಿಸಿತು, ಕೂಡಿಹಾಕಿತು. ನೋವನ್ನು ಕಂಡ ಮಹನೀಯರು ಅವನ ಬಾಗಿಲಿಗೆ ತಾವೇ ನಡೆದುಹೋದರು. ಈ ಎರಡು ದೃಷ್ಟಿಗಳ ತಿಕ್ಕಾಟವೇ ವ್ಯಸನವಿಮೋಚನೆಯ ಚರಿತ್ರೆಯಾಗಿರುವದು.

ಪ್ರಾಚೀನರು ಈ ವಿಷಯದಲ್ಲಿ ಕುರುಡರಾಗಿರಲಿಲ್ಲ. ಬೇಟೆ, ಜೂಜು, ಸ್ತ್ರೀಲೋಲುಪತೆ, ಮದ್ಯಪಾನ ಎಂಬ ನಾಲ್ಕನ್ನು ಕೌಟಿಲ್ಯನು ಕಾಮದಿಂದ ಹುಟ್ಟಿದ ವ್ಯಸನಗಳೆಂದು ಎಣಿಸಿ, ರಾಜ್ಯವನ್ನಾಳುವ ಅರಸನನ್ನೇ ಕುರಿತು ಎಚ್ಚರಿಕೆಯ ಮಾತುಗಳನ್ನಾಡಿರುವನು. ವ್ಯಸನವು ಬಡವರ ಕೇರಿಯ ಬೇನೆ ಮಾತ್ರವಲ್ಲ, ಅರಮನೆಯ ಬೇನೆಯೂ ಹೌದೆಂಬದು ಇದರಿಂದ ಸ್ಪಷ್ಟವಾಗುವದು. ವೈದ್ಯಶಾಸ್ತ್ರಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಜ್ವರ ಕಾಸಗಳಿಗೆ ಅಧ್ಯಾಯಗಳಿರುವಂತೆಯೇ, ಉನ್ಮಾದಕ್ಕೊಂದು ಅಧ್ಯಾಯವೂ ಮದ್ಯಪಾನದಿಂದ ಹುಟ್ಟುವ ಮದಾತ್ಯಯಕ್ಕೊಂದು ಅಧ್ಯಾಯವೂ ಇರುವವು. ಅದೇ ಸಂಹಿತೆಯ ಸೂತ್ರಸ್ಥಾನವು, ರೂಢಿಯಿಂದ ಮೈಗೂಡಿದ ಅಹಿತವನ್ನು ಒಮ್ಮೆಲೇ ಕಿತ್ತೊಗೆಯದೆ, ಪಾದಪಾದವಾಗಿ ಎಂದರೆ ಕಾಲುಕಾಲು ಭಾಗವಾಗಿ ಬಿಡುತ್ತ ಬರಬೇಕೆಂದು ವಿಧಿಸಿರುವದು. ಈ ವಿಧಿಯ ಬೆಲೆಯು ಮುಂದೆ ಗೊತ್ತಾಗುವದು.

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಹೆಂಡ ಮಾರುವ ವೃತ್ತಿಯಿಂದ ಬಂದವನೆಂಬದನ್ನು ಅವನ ಹೆಸರೇ ಸಾರುತ್ತಿರುವದು. ಅವನ ಕೆಲವು ವಚನಗಳು ಇಂದಿಗೂ ಉಳಿದುಬಂದಿವೆ. ಅವನ ಹೆಸರಿನಿಂದ ಹೆಂಡವೆಂಬ ಮಾತನ್ನು ಅಳಿಸಿಹಾಕಬೇಕೆಂದು ಶರಣರಿಗೆ ಅನಿಸಲಿಲ್ಲ. ಮನುಷ್ಯನ ಹಿಂದಿನ ಬದುಕು ಅವನ ಮುಂದಿನ ದಾರಿಗೆ ಅಡ್ಡಿಯಲ್ಲವೆಂಬ ದೊಡ್ಡ ಭರವಸೆಯು ಆ ಒಂದು ಹೆಸರಿನಲ್ಲಿ ಅಡಗಿರುವದು.

ಇಂಗ್ಲಿಷರ ಆಳಿಕೆಯಲ್ಲಿ ಸೆರೆ ಹೆಂಡಗಳ ಮಾರಾಟವು ಅಬಕಾರಿ ಖಾತೆಯ ವ್ಯವಹಾರವಾಗಿ ಬೊಕ್ಕಸಕ್ಕೆ ದೊಡ್ಡ ಉತ್ಪನ್ನದ ಬಾಬಾಯಿತು. ಮಹಾತ್ಮಾ ಗಾಂಧಿಯವರು ಪಾನನಿರೋಧವನ್ನು ರಾಷ್ಟ್ರೀಯ ಚಳವಳಿಯ ಒಂದು ಅಂಗವನ್ನಾಗಿ ಮಾಡಿದ ಮೇಲೆ ಹೆಂಡದ ಅಂಗಡಿಗಳ ಮುಂದೆ ಸ್ವಯಂಸೇವಕರು ನಿಂತು ಕೈಮುಗಿದು ಬೇಡಿಕೊಂಡರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗೂ 1949ರ ಮುಂಬಯಿ ಪಾನನಿರೋಧ ಕಾಯದೆಯು ಅನ್ವಯಿಸಿತು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ಪಾನನಿರೋಧವನ್ನು ತನ್ನ 47ನೆಯ ಅನುಚ್ಛೇದದಲ್ಲಿ ರಾಜ್ಯದ ಧ್ಯೇಯಗಳಲ್ಲೊಂದನ್ನಾಗಿ ಇರಿಸಿತು. ಮುಂದೆ ನಿರ್ಬಂಧಗಳು ಸಡಿಲಾದವು. ಬಹಳ ವರ್ಷಗಳ ತರುವಾಯ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿಯ ಮಾರಾಟವು ನಿಷೇಧಿಸಲ್ಪಟ್ಟಿತು. ಉಳಿದ ಮದ್ಯಗಳ ಅಂಗಡಿಗಳು ತೆರೆದೇ ಉಳಿದವು. ಕಾಯದೆಗಳಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಕಾಯದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದಲ್ಲದೆ, ಕುಡಿಯುವವನ ಒಳಗಿನ ಉರಿಯನ್ನು ಆರಿಸಲಾರದು. ಅದಕ್ಕೆ ಬೇರೆ ಕೈಗಳೇ ಬೇಕು.

ಮನೋರೋಗಿಗಳ ಪಾಡು ಇದಕ್ಕಿಂತ ಕಷ್ಟತರವಾಗಿತ್ತು. ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚರ ಆಶ್ರಯಸ್ಥಾನವೊಂದು ಸ್ಥಾಪನೆಯಾಯಿತು. ಧಾರವಾಡದಲ್ಲಿಯೂ ಅದೇ ಶತಮಾನದಲ್ಲಿ ಅಂತಹ ಸಂಸ್ಥೆಯು ಹುಟ್ಟಿತು. ಇವುಗಳಲ್ಲಿ ಆಶ್ರಯಕ್ಕಿಂತ ಆವರಣಗೋಡೆಯ ಮಹತ್ವವೇ ಹೆಚ್ಚಾಗಿತ್ತು. 1912ರ ಭಾರತೀಯ ಕಾಯದೆಯ ಪ್ರಕಾರ ಬಹುಜನ ರೋಗಿಗಳು ಮ್ಯಾಜಿಸ್ಟ್ರೇಟರ ಅಪ್ಪಣೆಯ ಮೇಲೆ ಒಳಗೆ ಸೇರಬೇಕಾಗಿತ್ತು. ಅಲೆದಾಡುತ್ತಿದ್ದವರನ್ನು ಪೋಲೀಸರು ಹಿಡಿದುತರುತ್ತಿದ್ದರು. ಬೇನೆಬಿದ್ದವನು ವೈದ್ಯನ ಮುಂದೆ ನಿಲ್ಲುವ ಮೊದಲು ನ್ಯಾಯಾಧೀಶನ ಮುಂದೆ ನಿಲ್ಲಬೇಕಾದರೆ ಅವನಿಗೂ ಅವನ ಮನೆತನಕ್ಕೂ ಲಜ್ಜೆಯುಂಟಾಗದೆ ಇದ್ದೀತೇ? ಆದುದರಿಂದ ಜನರು ರೋಗಿಯನ್ನು ಹಿತ್ತಲಿನ ಕೋಣೆಯಲ್ಲಿ ಬಚ್ಚಿಟ್ಟರು.

1925ರಲ್ಲಿ ಮೈಸೂರು ಸರಕಾರವು ಬೆಂಗಳೂರಿನ ಆ ಸಂಸ್ಥೆಯ ಹೆಸರನ್ನು ಬದಲಿಸಿ ಅದನ್ನು ಮಾನಸಿಕ ರೋಗಗಳ ಆಸ್ಪತ್ರೆಯೆಂದು ಕರೆಯಿತು. ಹೆಸರು ಬದಲಾದುದು ಅಲ್ಪ ಸಂಗತಿಯಲ್ಲ. ಕೂಡಿಹಾಕುವ ಮನೆಯು ಗುಣಪಡಿಸುವ ಮನೆಯಾಗತಕ್ಕದ್ದೆಂಬ ಸಂಕಲ್ಪವು ಅದರಲ್ಲಿತ್ತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲನೆಯ ನಿರ್ದೇಶಕರಾದರು. 1974ರಲ್ಲಿ ಎರಡೂ ಒಂದುಗೂಡಿ ನಿಮ್ಹಾನ್ಸ್ ಎಂಬ ಸಂಸ್ಥೆಯಾಯಿತು. ಅಲ್ಲಿಯ ವೈದ್ಯರು ರೋಗಿಯ ಬಂಧುಗಳನ್ನು ಹೊರಗಿಡದೆ, ಅವರೂ ರೋಗಿಯ ಸಂಗಡ ಉಳಿದು ಉಪಚಾರವನ್ನು ಕಲಿಯುವಂತೆ ಏರ್ಪಾಡು ಮಾಡಿದರು. ಹಿತ್ತಲಿನ ಕೋಣೆಯಲ್ಲಿ ಬಚ್ಚಿಡುತ್ತಿದ್ದ ಕೈಗಳೇ ಔಷಧವನ್ನು ಕೊಡುವ ಕೈಗಳಾದವು.

ಆದರೂ ಬೆಂಗಳೂರು ಹಳ್ಳಿಯವರಿಗೆ ದೂರವೇ ಸರಿ. ಇದನ್ನರಿತು ನಿಮ್ಹಾನ್ಸಿನವರು 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರವೆಂಬ ಹಳ್ಳಿಯಲ್ಲಿ ಕೇಂದ್ರವನ್ನು ತೆರೆದು, ಗ್ರಾಮಗಳ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗಗಳನ್ನು ಗುರುತಿಸುವ ಬಗೆಯನ್ನು ಕಲಿಸತೊಡಗಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಈ ಪದ್ಧತಿಯು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಲ್ಪಟ್ಟಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೇ ತರಬೇತಿ ಪಡೆದು ಮನೋರೋಗಿಗಳಿಗೂ ಔಷಧ ಕೊಡಬಲ್ಲರೆಂಬದು ಅಲ್ಲಿ ಸಿದ್ಧವಾಯಿತು. 1996ರಲ್ಲಿ ಭಾರತ ಸರಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯ ಪ್ರಯೋಗವೇ ಮಾದರಿಯಾದುದು ಕನ್ನಡನಾಡಿಗೆ ಭೂಷಣವು.

ಇತ್ತ ವೈದ್ಯರು ಹಳ್ಳಿಗಳ ಕಡೆಗೆ ಮುಖಮಾಡಿದ ಅದೇ ದಶಕದಲ್ಲಿ ಅತ್ತ ಒಂದು ಮಠದ ಬಾಗಿಲಿನಿಂದಲೂ ಇಂತಹದೇ ಯಾತ್ರೆಯು ಹೊರಟಿತು. ಚಿತ್ತರಗಿ-ಇಳಕಲ್ಲಿನ ಶ್ರೀ ವಿಜಯಮಹಾಂತೇಶ್ವರ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದರು. ಜಂಗಮನ ಜೋಳಿಗೆಯೆಂದರೆ ಭಕ್ತರು ನೀಡುವ ಕಂತಿಭಿಕ್ಷೆಯನ್ನು ತುಂಬಿಕೊಂಡು ದಾಸೋಹಕ್ಕೆ ತರುವ ಸಾಧನವೆಂಬದು ಭಕ್ತರೆಲ್ಲರಿಗೂ ತಿಳಿದದ್ದೇ. ಪೂಜ್ಯರು ಕೇರಿಕೇರಿಗೆ, ಮನೆಮನೆಗೆ ಹೋಗಿ ಧಾನ್ಯಕ್ಕೆ ಬದಲಾಗಿ ದುಶ್ಚಟಗಳನ್ನು ಬೇಡಿದರು. ಬೀಡಿ, ಸಿಗರೇಟು, ಗುಟಕಾಗಳ ಪೊಟ್ಟಣಗಳು ಆ ಜೋಳಿಗೆಗೆ ಬಿದ್ದವು. ಕುಡಿತವನ್ನು ಬಿಟ್ಟೆವೆಂಬ ವಚನಗಳೂ ಬಿದ್ದವು.

ಈ ಕ್ರಮದಲ್ಲಿರುವ ಸೂಕ್ಷ್ಮವನ್ನು ಮನನ ಮಾಡತಕ್ಕದ್ದು. ಕುಡುಕನು ಮಠಕ್ಕೆ ಬಂದು ತಪ್ಪೊಪ್ಪಿಕೊಳ್ಳಬೇಕೆಂದು ಪೂಜ್ಯರು ಕಾದು ಕೂಡ್ರಲಿಲ್ಲ. ಅವರೇ ಅವನ ಹೊಸ್ತಿಲಿಗೆ ಹೋದರು. ಹೋದವರು ನ್ಯಾಯ ಹೇಳುವವರಾಗಿ ಹೋಗಲಿಲ್ಲ, ಬೇಡುವವರಾಗಿ ಹೋದರು. ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆ ಹಾಕುವದು ಗೃಹಸ್ಥನ ಹೆಮ್ಮೆಯು. ಊರೆಲ್ಲ ಹಳಿದ ಮನುಷ್ಯನು ಆ ಕ್ಷಣದಲ್ಲಿ ಅಪರಾಧಿಯಾಗಿ ಕ್ಷಮೆ ಬೇಡಲಿಲ್ಲ. ದಾನಿಯಾಗಿ ಭಿಕ್ಷೆ ನೀಡಿದನು. ಹೆಂಡತಿಮಕ್ಕಳ ಮುಂದೆ ಕಳೆದುಹೋಗಿದ್ದ ಮಾನವು ಅವನಿಗೆ ಮರಳಿ ಬಂದಿತು. ಲಜ್ಜೆಯಿಂದ ಮುಚ್ಚಿದ್ದ ಬಾಗಿಲು ತೆರೆದುದು ಹೀಗೆ. 1930ರ ಅಗಷ್ಟ 1ರಂದು ಜನಿಸಿದ ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತ ಬಂದಿರುವದು.

ಧರ್ಮಸ್ಥಳದವರ ಪ್ರೇರಣೆಯಿಂದ ನಾಡಿನ ಹಲವೆಡೆಗಳಲ್ಲಿ ನಡೆಯುತ್ತಿರುವ ಮದ್ಯವರ್ಜನ ಶಿಬಿರಗಳೂ ಇಲ್ಲಿ ಸ್ಮರಣಾರ್ಹವಾದವು. ಶಿಬಿರವನ್ನು ಮುಗಿಸಿದವರು ತಮ್ಮ ಊರುಗಳಲ್ಲಿ ನವಜೀವನ ಸಮಿತಿಗಳನ್ನು ಕಟ್ಟಿಕೊಂಡು ಒಬ್ಬರಿಗೊಬ್ಬರು ಆಸರೆಯಾಗುವರು. ಬಿಟ್ಟವನ ಮಾತು ಬಿಡಬೇಕೆಂದಿರುವವನಿಗೆ ನಾಟುವಂತೆ ಬೇರೆ ಯಾರ ಮಾತೂ ನಾಟದೆಂಬದು ಅನುಭವಸಿದ್ಧವು.

ಇಷ್ಟಾದರೂ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯವಾಗಿರುವದು. ಪ್ರತಿಜ್ಞೆಯು ಬಾಗಿಲನ್ನು ತೆರೆಯುವದು. ಆದರೆ ಬಾಗಿಲೇ ಮನೆಯಲ್ಲ. ಬಹಳ ವರ್ಷ ದಿನಾಲು ವಿಪರೀತವಾಗಿ ಕುಡಿದವನ ಶರೀರವು ಮದ್ಯಕ್ಕೆ ಒಗ್ಗಿಹೋಗಿರುವದು. ಅಂತಹವನು ಒಮ್ಮೆಲೇ ನಿಲ್ಲಿಸಿದರೆ ಕೆಲವು ತಾಸುಗಳಲ್ಲಿಯೇ ಕೈನಡುಕ, ಬೆವರು, ನಿದ್ರಾನಾಶಗಳು ತೋರಿಕೊಳ್ಳುವವು. ಮೊದಲಿನ ಎರಡು ದಿನಗಳಲ್ಲಿ ಸೆಳವು ಬರಬಹುದು. ಎರಡರಿಂದ ನಾಲ್ಕು ದಿನಗಳೊಳಗೆ ಕೆಲವರು ಇಲ್ಲದ್ದನ್ನು ಕಾಣುತ್ತ, ಕೇಳುತ್ತ, ಹೊತ್ತುಗೊತ್ತಿನ ಅರಿವಿಲ್ಲದೆ ಬಡಬಡಿಸುವರು. ಉಪಚಾರವಿಲ್ಲದಿದ್ದರೆ ಪ್ರಾಣಕ್ಕೂ ಅಪಾಯವುಂಟು. ಹಳ್ಳಿಗಳಲ್ಲಿ ಇದನ್ನು ಕಂಡು ಗಾಳಿ ಸೋಕಿತೆಂದೋ, ಆಣೆ ತಟ್ಟಿತೆಂದೋ ತಿಳಿದವರುಂಟು. ಕುಡಿತ ಬಿಟ್ಟದ್ದರಿಂದಲೇ ಕೆಟ್ಟಿತೆಂದು ಪುನಃ ಕುಡಿಸಿದವರೂ ಉಂಟು. ಇದು ಗಾಳಿಯೂ ಅಲ್ಲ, ದೈವಕೋಪವೂ ಅಲ್ಲ; ಔಷಧದಿಂದ ಶಮನವಾಗುವ ರೋಗಾವಸ್ಥೆಯು. ವೈದ್ಯರು ಶಾಮಕ ಔಷಧವನ್ನು ಕೊಟ್ಟು ದಿನದಿನಕ್ಕೆ ಅದರ ಪ್ರಮಾಣವನ್ನು ಇಳಿಸುತ್ತ, ಜೀವಸತ್ವ ಬಿ-1ನ್ನು ಪೂರೈಸಿ ರೋಗಿಯನ್ನು ದಡ ಮುಟ್ಟಿಸುವರು. ಒಗ್ಗಿದ ಅಹಿತವನ್ನು ಕ್ರಮಕ್ರಮವಾಗಿ ಬಿಡಬೇಕೆಂದ ಚರಕಸಂಹಿತೆಯ ಮಾತಿಗೂ ಈ ಉಪಚಾರಕ್ರಮಕ್ಕೂ ಎಷ್ಟು ಸಮೀಪದ ನಂಟಿರುವದು! ಆದುದರಿಂದ ಜೋಳಿಗೆಗೆ ವಚನವನ್ನಿತ್ತವನು ಅದೇ ದಿನ ವೈದ್ಯನನ್ನೂ ಕಂಡರೆ ವಚನಕ್ಕೆ ಕೊರತೆಯಿಲ್ಲ. ಅದರಿಂದ ವಚನವು ನಿಲ್ಲುವದು.

ವ್ಯಸನದ ಎರಡನೆಯ ಅರ್ಥವನ್ನು ಇಲ್ಲಿ ಮರೆಯಲಾಗದು. ಸಾಲದ ಚಿಂತೆ, ಮಕ್ಕಳ ಅಗಲಿಕೆ, ಕಾರಣವೇ ತಿಳಿಯದ ಖಿನ್ನತೆ, ನಿದ್ರೆಯಿಲ್ಲದ ರಾತ್ರಿಗಳು, ಇವುಗಳನ್ನು ತಾಳಲಾರದೆ ಕುಡಿಯತೊಡಗಿದವರು ಅನೇಕರು. ಮದ್ಯವು ಆ ರಾತ್ರಿಗೆ ಮರೆವನ್ನು ಕೊಟ್ಟು ಮರುದಿನದ ಖಿನ್ನತೆಯನ್ನು ಇಮ್ಮಡಿಸುವದು. ದುಃಖದಿಂದ ಚಟವೂ ಚಟದಿಂದ ದುಃಖವೂ ಹುಟ್ಟಿ ಗಾಣದೆತ್ತಿನಂತೆ ಸುತ್ತುತ್ತಿರುವಾಗ, ಚಟವನ್ನು ಮಾತ್ರ ಬಿಡಿಸಿ ದುಃಖವನ್ನು ವಿಚಾರಿಸದಿದ್ದರೆ ಅವನು ತಿರುಗಿ ಬೀಳುವನು. ಹಾಗೆ ತಿರುಗಿ ಬಿದ್ದವನನ್ನು ವಚನಭ್ರಷ್ಟನೆಂದು ಜರೆಯುವದು ಜ್ವರ ಮರುಕಳಿಸಿದವನನ್ನು ಜರೆದಂತೆ. ಅವನನ್ನು ಮತ್ತೆ ಎಬ್ಬಿಸುವದೇ ಧರ್ಮವು.

ಕರುಣೆಯೊಡನೆ ಜ್ಞಾನವೂ ಬೇಕೆಂಬದಕ್ಕೆ ಒಂದು ದಾರುಣ ಸಾಕ್ಷಿಯುಂಟು. ತಮಿಳುನಾಡಿನ ಏರವಾಡಿಯು ಮನೋರೋಗಿಗಳನ್ನು ಹರಕೆಗಾಗಿ ಕರೆತರುವ ಯಾತ್ರಾಸ್ಥಳವು. 2001ರ ಅಗಷ್ಟ 6ರಂದು ಅಲ್ಲಿಯ ಒಂದು ಖಾಸಗಿ ನಿಲಯಕ್ಕೆ ಬೆಂಕಿ ಬಿದ್ದಾಗ, ಸರಪಳಿಗಳಿಂದ ಬಿಗಿಯಲ್ಪಟ್ಟಿದ್ದ 25ಕ್ಕೂ ಹೆಚ್ಚು ರೋಗಿಗಳು ಓಡಲಾರದೆ ಬೆಂದುಹೋದರು. ಅವರನ್ನು ಅಲ್ಲಿಗೆ ತಂದವರು ವೈರಿಗಳಲ್ಲ. ಗುಣವಾಗಲೆಂದು ಬೇಡಿಕೊಂಡ ತಾಯಿತಂದೆಗಳೂ ಬಂಧುಗಳೂ ಆಗಿದ್ದರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯದೆಯು ಮನೋರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಕಟ್ಟಕೂಡದೆಂದು ನಿಷೇಧಿಸಿರುವದು. ಮದ್ಯ ಮಾದಕಪದಾರ್ಥಗಳ ದುರುಪಯೋಗದಿಂದಾಗುವ ಮಾನಸಿಕ ವಿಕಾರಗಳನ್ನೂ ಅದು ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿರುವದು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನೋವ್ಯಥೆಗೆ ಒಳಗಾಗಿದ್ದನೆಂದೇ ಭಾವಿಸಿ, ಅವನಿಗೆ ಆರೈಕೆಯನ್ನೊದಗಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿರುವದು. ಚಟವೂ ದುಃಖವೂ ಒಂದೇ ಶಬ್ದದಲ್ಲಿ ಅಡಗಿದ್ದುದನ್ನು ಕಾಯದೆಯು ಕಂಡುಕೊಂಡುದು ಇಷ್ಟು ತಡವಾಗಿ.

ಆದರೂ ಮಾಡಬೇಕಾದುದು ಬೆಟ್ಟದಷ್ಟು ಉಳಿದಿರುವದು. 2019ರಲ್ಲಿ ಭಾರತ ಸರಕಾರವು ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿತದ ಬಾಧೆಯಿಂದ ನೆರವು ಬೇಕಾದವರು 5 ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನು ಮಾತ್ರ ಏನಾದರೊಂದು ಉಪಚಾರವನ್ನು ಪಡೆದಿದ್ದನು. ಉಳಿದ 37 ಜನರನ್ನು ತಡೆದುದು ಯಾವದು? ಆಸ್ಪತ್ರೆಗಳ ಅಭಾವವು ಒಂದು ಕಾರಣವು. ಇನ್ನೊಂದು, ನಾಲ್ಕು ಜನರು ಏನೆಂದಾರೆಂಬ ಅಂಜಿಕೆಯು. ಆಸ್ಪತ್ರೆಗಳನ್ನು ಕಟ್ಟುವದು ಸರಕಾರದ ಕೆಲಸವಾದರೆ, ಅಂಜಿಕೆಯನ್ನು ಕಳೆಯುವದು ಆ ನಾಲ್ಕು ಜನರ ಕೆಲಸವು. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮನೋವ್ಯಥೆಯುಳ್ಳವರಿಗೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆಯು ದೊರೆಯುವದು. ಜಿಲ್ಲಾ ಆಸ್ಪತ್ರೆಗಳಲ್ಲಿಯೂ, ಧಾರವಾಡ ಬೆಂಗಳೂರುಗಳ ಸಂಸ್ಥೆಗಳಲ್ಲಿಯೂ ಉಪಚಾರವುಂಟು. ದಾರಿಗಳು ಇವೆ, ದಾರಿ ತೋರುವವರು ಬೇಕು.

ಮಠದ ಅಂಗಳಕ್ಕೆ ಬರುವವರು ಹಣ್ಣುಕಾಯಿಗಳನ್ನು ಮಾತ್ರ ತರುವದಿಲ್ಲ. ಮನೆಯಲ್ಲಿ ಯಾರ ಮುಂದೆಯೂ ಹೇಳಲಾಗದ ವ್ಯಸನವನ್ನೂ ತರುವರು. ಗಂಡನ ಕುಡಿತವನ್ನು ನೆರೆಹೊರೆಯವರಿಂದ ಮುಚ್ಚಿಟ್ಟ ತಾಯಿಯು ಗದ್ದಿಗೆಯ ಮುಂದೆ ಕಣ್ಣೀರಿಡುವಳು. ಮಂಕುಬಡಿದ ಮಗನ ಕೈಹಿಡಿದುಕೊಂಡು ತಂದೆಯು ಅಂಗಾರಕ್ಕಾಗಿ ನಿಲ್ಲುವನು. ಅಂತಹವರಿಗೆ ಆಶೀರ್ವಾದದ ಜೊತೆಗೆ ವೈದ್ಯನ ವಿಳಾಸವನ್ನೂ ಹೇಳಿ, ಅವಶ್ಯವಾದರೆ ಸಂಗಡ ಹೋಗಿ ಬರುವದು ಕೂಡ ದಾಸೋಹವೇ. ಹಸಿದವನು ಅನ್ನವನ್ನು ಕೇಳುವದಕ್ಕೆ ದಾಸೋಹಮನೆಯಲ್ಲಿ ನಾಚಿಕೆಯಿಲ್ಲ. ಬೆಂದವನು ನೆರವನ್ನು ಕೇಳುವದಕ್ಕೂ ನಾಚಿಕೆಯಿರಬಾರದು. ಅಂತಹ ಕಾಲವನ್ನು ತರುವ ಶಕ್ತಿಯನ್ನು ಶಿವನು ಭಕ್ತಸಮೂಹಕ್ಕೆ ಕರುಣಿಸಲಿ.