ಮೊದಲಿನ ಹಾಗಿಲ್ಲ ಅನ್ನೋ ಸಿಟ್ಟು: ಮೆಟಾಲಿಕಾ ಮತ್ತು ಮುನಿಸಿಕೊಂಡ ಅಭಿಮಾನಿಗಳು

ವೀಕ್ಷಕರೇ, 2011ರ ಅಕ್ಟೋಬರ್ 30. ಬೆಂಗಳೂರಿನ ಅರಮನೆ ಮೈದಾನ. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಮೊಟ್ಟಮೊದಲ ಬಾರಿಗೆ ಭಾರತದಲ್ಲಿ ನುಡಿಸಿದ ರಾತ್ರಿ ಅದು. ಎರಡು ದಿನ ಮುಂಚೆ ದೆಹಲಿ ಪಕ್ಕದ ಗುರ್‌ಗಾಂವ್‌ನಲ್ಲಿ ಇದೇ ಬ್ಯಾಂಡಿನ ಶೋ ಕೊನೇ ಗಳಿಗೆಯಲ್ಲಿ ನಿಂತುಹೋಗಿ, ಕಾದು ಕಾದು ರೊಚ್ಚಿಗೆದ್ದ ಜನ ವೇದಿಕೆಗೆ ನುಗ್ಗಿ ದಾಂಧಲೆ ಮಾಡಿದ್ದರು. ಬೆಂಗಳೂರಲ್ಲೂ ಹಾಗೇ ಆದರೆ ಏನು ಗತಿ ಅನ್ನೋ ಆತಂಕದಲ್ಲೇ ನಾವೆಲ್ಲ ಹೋಗಿದ್ವಿ. ನಾನಾಗ ಎಂಜಿನಿಯರಿಂಗ್ ಕೊನೇ ವರ್ಷ.

ನನ್ನ ಜೊತೆ ಹಾಸ್ಟೆಲ್‌ನ ಹಳೇ ಸೀನಿಯರ್ ಒಬ್ಬರಿದ್ದರು. ಅವರ ರೂಮಿಗೆ ಒಂದು ಕಾನೂನಿತ್ತು. 1988ರವರೆಗಿನ ಮೆಟಾಲಿಕಾ ಮಾತ್ರ ಕೇಳಬೇಕು. ಆಮೇಲಿನದ್ದು ನಿಷಿದ್ಧ! ಯಾಕಣ್ಣಾ ಅಂದ್ರೆ, "ಆ ಬ್ಯಾಂಡ್ ಸತ್ತೋಯ್ತು ಕಣೋ. ಈಗಿರೋದು ಅದೇ ಹೆಸರಿನ ಒಂದು ಕಂಪನಿ" ಅನ್ನೋರು. ಅಂಥವರು ಟಿಕೆಟ್ ತಗೊಂಡು ಯಾಕೆ ಬಂದರು? ಅದನ್ನ ಕೊನೆಗೆ ಹೇಳ್ತೀನಿ. ಮೊದಲು ಈ ಸಿಟ್ಟಿನ ಇತಿಹಾಸ ನೋಡೋಣ.

1981. ಲಾಸ್ ಏಂಜಲೀಸ್. ಡೆನ್ಮಾರ್ಕ್‌ನಿಂದ ಬಂದಿದ್ದ ಲಾರ್ಸ್ ಉಲ್ರಿಕ್ ಅನ್ನೋ ಡ್ರಮ್ಮರ್ ಹುಡುಗ, ಜೇಮ್ಸ್ ಹೆಟ್‌ಫೀಲ್ಡ್ ಅನ್ನೋ ಗಿಟಾರ್ ಹುಡುಗ, ಇಬ್ಬರೂ ಸೇರಿ ಬ್ಯಾಂಡ್ ಕಟ್ಟಿದರು. 1983ರಲ್ಲಿ ಮೊದಲ ಆಲ್ಬಮ್ 'ಕಿಲ್ ಎಮ್ ಆಲ್'. ಮಿಂಚಿನ ವೇಗ, ಕಿವಿ ಗುಂಯ್‌ಗುಟ್ಟುವ ಗಿಟಾರ್. ಥ್ರ್ಯಾಶ್ ಮೆಟಲ್ ಅಂತ ಇವತ್ತು ನಾವು ಕರೆಯುವ ಶೈಲಿಗೆ ಬುನಾದಿ ಹಾಕಿದ ಆಲ್ಬಮ್‌ಗಳಲ್ಲಿ ಇದೂ ಒಂದು. ರೇಡಿಯೋದವರು ಕ್ಯಾರೇ ಅನ್ನಲಿಲ್ಲ. ಹುಡುಗರೇ ಕ್ಯಾಸೆಟ್ ನಕಲು ಮಾಡಿಕೊಂಡು ಕೈಯಿಂದ ಕೈಗೆ ದಾಟಿಸಿದರು. ಇದನ್ನ ನೆನಪಿಟ್ಟುಕೊಳ್ಳಿ. ಜಾಹೀರಾತು ಬೆಳೆಸಿದ ಬ್ಯಾಂಡ್ ಅಲ್ಲ ಇದು, ಕೇಳುಗರು ಹೊತ್ತು ತಿರುಗಿದ ಬ್ಯಾಂಡ್. ಹೊತ್ತವರಿಗೆ ಇದು ನಮ್ಮದು ಅನ್ನೋ ಹಕ್ಕಿನ ಭಾವನೆ ಬರೋದು ಸಹಜ ತಾನೇ?

1984ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಇವರ ವಾದ್ಯಗಳ ಲಾರಿಯೇ ಕಳುವಾಯ್ತು. ಹೆಟ್‌ಫೀಲ್ಡ್‌ಗೆ ಪ್ರಾಣವಾಗಿದ್ದ ಆಂಪ್ಲಿಫೈಯರ್ ಅದರ ಜೊತೆ ಹೋಯ್ತು. ಆ ಬೇಸರದಲ್ಲಿ ಹುಟ್ಟಿದ್ದು 'ಫೇಡ್ ಟು ಬ್ಲ್ಯಾಕ್'. ಅಕೌಸ್ಟಿಕ್ ಗಿಟಾರ್‌ನಲ್ಲಿ ಮೆಲ್ಲಗೆ ಶುರುವಾಗುವ ಹಾಡು. ಅಷ್ಟೇ! ಥ್ರ್ಯಾಶ್ ಬ್ಯಾಂಡು ಮೆಲ್ಲಗೆ ಹಾಡೋದಾ? ದುಡ್ಡಿಗೆ ಮಾರಿಕೊಂಡರು ಅಂತ ಅಭಿಮಾನಿಗಳೇ ಕೂಗಾಡಿದರು. ಗಮನಿಸಿ, ಇದಿನ್ನೂ ಅವರ ಎರಡನೇ ಆಲ್ಬಮ್. ಬ್ಯಾಂಡಿಗೆ ಮೂರು ವರ್ಷವೂ ತುಂಬಿರಲಿಲ್ಲ, ಆಗಲೇ 'ಮೊದಲಿನ ಹಾಗಿಲ್ಲ' ಅನ್ನೋ ದೂರು ಹುಟ್ಟಿಯಾಗಿತ್ತು.

1986ರಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನ ಹೆದ್ದಾರಿಯಲ್ಲಿ ಬಸ್ ಪಲ್ಟಿಯಾಗಿ ಬೇಸ್ ಗಿಟಾರ್‌ನ ಕ್ಲಿಫ್ ಬರ್ಟನ್ ತೀರಿಕೊಂಡರು. ವಯಸ್ಸು ಬರೀ 24. ಎಷ್ಟೋ ಅಭಿಮಾನಿಗಳ ಪಾಲಿಗೆ 'ಹಳೇ ಮೆಟಾಲಿಕಾ' ಅಲ್ಲಿಗೇ ಮುಗಿಯಿತು. 1988ರ ಆಲ್ಬಮ್‌ನಲ್ಲಿ ಹಾಡುಗಳು ಏಳು, ಎಂಟು, ಒಂಬತ್ತು ನಿಮಿಷ ಉದ್ದವಾದವು. ಹೊಸದಾಗಿ ಬಂದಿದ್ದ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಅದರಲ್ಲಿ ಕಿವಿಗೇ ಬೀಳಲ್ಲ.

ಅಸಲಿ ಯುದ್ಧ ಶುರುವಾಗಿದ್ದು 1991ರ ಆಗಸ್ಟ್ 12ಕ್ಕೆ. ಬ್ಯಾಂಡಿನ ಹೆಸರೇ ಶೀರ್ಷಿಕೆ, ಕಪ್ಪು ರಕ್ಷಾಪುಟ. ಜಗತ್ತು ಇದನ್ನ ಬ್ಲ್ಯಾಕ್ ಆಲ್ಬಮ್ ಅಂತಲೇ ಕರೆಯಿತು. ಮಾಟ್ಲಿ ಕ್ರೂ ಥರದ ಮಿನುಗು ಬ್ಯಾಂಡಿಗೆ ಕೆಲಸ ಮಾಡಿದ್ದ ಬಾಬ್ ರಾಕ್ ನಿರ್ಮಾಪಕ. ವೇಗ ಇಳಿಯಿತು, ಹಾಡು ಗಿಡ್ಡವಾಯ್ತು, ರಾಗ ಮುಂದೆ ಬಂತು. 'ನಥಿಂಗ್ ಎಲ್ಸ್ ಮ್ಯಾಟರ್ಸ್' ಅಂತೂ ಅಪ್ಪಟ ಪ್ರೇಮಗೀತೆ. ಹಳಬರು ಇದನ್ನ ದ್ರೋಹ ಅಂದರು. ಹೊಸಬರು ಅಮೆರಿಕವೊಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಕೊಂಡರು.

1996ರ 'ಲೋಡ್' ಬರುವಾಗ ನಾಲ್ವರೂ ಕೂದಲು ಕತ್ತರಿಸಿದ್ದರು. ಫೋಟೋಗಳಲ್ಲಿ ಕಣ್ಣಿಗೆ ಕಾಡಿಗೆ ಬೇರೆ! ಗಿಟಾರ್‌ಗಳ ಶ್ರುತಿ ಅರ್ಧ ಸ್ವರ ಕೆಳಗಿಳಿದಿತ್ತು. ಸಂಗೀತದಲ್ಲಿ ಬ್ಲೂಸ್ ವಾಸನೆ. ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯಿತು. ಆದರೂ ಅಭಿಮಾನಿಗಳು ಹಾಡಿಗಿಂತ ಹೆಚ್ಚು ಕೂದಲ ಬಗ್ಗೆ ಜಗಳ ಆಡಿದರು. ನಗಬೇಡಿ. ಉದ್ದ ಕೂದಲು ಆ ಹುಡುಗರ ಪಾಲಿಗೆ ಫ್ಯಾಷನ್ ಆಗಿರಲಿಲ್ಲ. ಊರಲ್ಲಿ, ಶಾಲೆಯಲ್ಲಿ ಬೈಸಿಕೊಂಡು ಉಳಿಸಿಕೊಂಡ ಗುರುತು ಅದು. ತಾವು ಯಾರನ್ನ ನೋಡಿ ಅದನ್ನ ಬಿಟ್ಟಿದ್ದರೋ, ಅವರೇ ಹೋಗಿ ಕತ್ತರಿಸಿಕೊಂಡು ಬಂದರು. ನೋವಾಗಲ್ವಾ?

ಹಾಗಾದ್ರೆ ತಪ್ಪೆಲ್ಲ ಅಭಿಮಾನಿಗಳದ್ದೇ? ಖಂಡಿತ ಅಲ್ಲ. ಎರಡು ಉದಾಹರಣೆ ಕೊಡ್ತೀನಿ.

ಒಂದು, 2003ರ 'ಸೇಂಟ್ ಆಂಗರ್'. ಸ್ನೇರ್ ಡ್ರಮ್‌ನ ತಳದಲ್ಲಿ ಲೋಹದ ತಂತಿಗಳ ಸಾಲು ಇರುತ್ತೆ. ಡ್ರಮ್‌ಗೆ ಆ ಚುರುಕು ದನಿ ಕೊಡೋದೇ ಅದು. ಉಲ್ರಿಕ್ ಆ ತಂತಿಗಳನ್ನ ಸಡಿಲ ಬಿಟ್ಟು ನುಡಿಸಿದರು. ಕೊಡಪಾನಕ್ಕೆ ಸೌಟಿನಲ್ಲಿ ಬಾರಿಸಿದ ಹಾಗೆ ಟಣ್ ಟಣ್. 75 ನಿಮಿಷದ ಆಲ್ಬಮ್‌ನಲ್ಲಿ ಒಂದೂ ಗಿಟಾರ್ ಸೋಲೋ ಇಲ್ಲ.

ಎರಡು, 2008ರ 'ಡೆತ್ ಮ್ಯಾಗ್ನೆಟಿಕ್'. ಇಲ್ಲಿ ಸಂಗೀತ ಹಳೇ ವೇಗಕ್ಕೆ ಮರಳಿತ್ತು, ಅಭಿಮಾನಿಗಳು ಕೇಳಿದ್ದೂ ಅದನ್ನೇ. ಆದರೆ ಸಿಡಿ ಕರ್ಕಶವಾಗಿತ್ತು. ಎಂಜಿನಿಯರ್ ಬುದ್ಧಿಯಿಂದ ಹೇಳ್ತೀನಿ ಕೇಳಿ. ಸಿಡಿಯಲ್ಲಿ ಶಬ್ದಕ್ಕೊಂದು ಮೇಲ್ಮಿತಿ ಇದೆ. ಎಲ್ಲವನ್ನೂ ಜೋರು ಮಾಡ್ತಾ ಹೋದರೆ ತರಂಗದ ತುದಿಗಳು ಆ ಮಿತಿಗೆ ಬಡಿದು ಚಪ್ಪಟೆಯಾಗುತ್ತವೆ. ಕೇಳೋರಿಗೆ ಅದು ಕರಕರ ಅಂತ ಒಡೆದ ದನಿ. ಮದುವೆ ಛತ್ರದ ಸ್ಪೀಕರ್‌ಗೆ ವಾಲ್ಯೂಮ್ ಪೂರ್ತಿ ತಿರುಗಿಸಿ ನೋಡಿ, ಗೊತ್ತಾಗುತ್ತೆ. ಇದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮ್‌ನಲ್ಲೂ ಇದ್ದವು. ಅಲ್ಲಿ ದನಿ ಸ್ಪಷ್ಟ! ಅಭಿಮಾನಿಗಳು ಎರಡರ ತರಂಗಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಮತ್ತೆ ಮಿಕ್ಸ್ ಮಾಡಿ ಅಂತ 10,000ಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು.

ನೋಡಿ, ಇಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. 'ಇದನ್ನ ಕೆಟ್ಟದಾಗಿ ಮಾಡಿದ್ದೀರಿ' ಅನ್ನೋದು ಒಂದು. ಅದಕ್ಕೆ ಸಾಕ್ಷಿ ಕೊಡಬಹುದು, ಅಳೆದು ತೋರಿಸಬಹುದು. 'ನನಗೆ ಬೇಕಾದ ಹಾಗೆ ನೀವು ಉಳಿಯಲಿಲ್ಲ' ಅನ್ನೋದು ಇನ್ನೊಂದು. ಅದಕ್ಕೆ ಅಳತೆಗೋಲು ಇಲ್ಲ. ಗೆರೆ ಪ್ರತಿ ಪೀಳಿಗೆಗೂ ಮುಂದೆ ಸರಿಯುತ್ತಲೇ ಇರುತ್ತೆ. 1984ರ ಸಿಟ್ಟಿನವರಿಗೆ ದ್ರೋಹವಾಗಿದ್ದ 'ಫೇಡ್ ಟು ಬ್ಲ್ಯಾಕ್', 1991ರ ಸಿಟ್ಟಿನವರಿಗೆ ಅಪ್ಪಟ ಹಳೇ ಮೆಟಾಲಿಕಾ. ಅವರಿಗೆ ದ್ರೋಹವಾಗಿದ್ದ ಬ್ಲ್ಯಾಕ್ ಆಲ್ಬಮ್, 1996ರವರಿಗೆ ಬಂಗಾರದ ಕಾಲ. ಹಾಡುಗಳು ಅವೇ, ಕೇಳಿದಾಗ ನಮಗೆ ಎಷ್ಟು ವಯಸ್ಸಾಗಿತ್ತು ಅನ್ನೋದು ಮಾತ್ರ ಬೇರೆ.

ಅಂದಹಾಗೆ, ಬೆಂಗಳೂರು ಶೋ ಆದ ಮರುದಿನವೇ ಯುರೋಪಿನಲ್ಲಿ 'ಲುಲು' ಬಿಡುಗಡೆಯಾಯಿತು. ಹಿರಿಯ ಗಾಯಕ ಲೂ ರೀಡ್ ಜೊತೆ ಮಾಡಿದ ವಿಚಿತ್ರ ಪ್ರಯೋಗ. ಮೆಟಾಲಿಕಾ ಚರಿತ್ರೆಯಲ್ಲಿ ಅತಿ ಹೆಚ್ಚು ಬೈಗುಳ ತಿಂದ ಆಲ್ಬಮ್‌ಗಳಲ್ಲಿ ಅದೂ ಒಂದು. ಮೂವತ್ತು ವರ್ಷ ಬೈಸಿಕೊಂಡವರು ಮತ್ತೊಮ್ಮೆ ಬೈಸಿಕೊಳ್ಳೋಕೆ ತಯಾರಾಗಿಯೇ ಅರಮನೆ ಮೈದಾನದ ವೇದಿಕೆ ಹತ್ತಿದ್ದರು.

2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಹದಿಹರೆಯದವರು ಮುಗಿಬಿದ್ದರು. ಹಳಬರು ಮತ್ತೆ ಗೊಣಗಿದರು, ಟಿವಿ ನೋಡಿ ಬಂದ ಇವರೆಲ್ಲ ಅಭಿಮಾನಿಗಳಾ ಅಂತ. ಬ್ಯಾಂಡ್ ಮಾತ್ರ ಎಲ್ಲರಿಗೂ ಸ್ವಾಗತ ಅಂದುಬಿಟ್ಟಿತು. ಹಾಡು ಬದಲಾದರೂ ಸಿಟ್ಟು, ಹಾಡು ಬದಲಾಗದೆ ಕೇಳುಗರು ಬದಲಾದರೂ ಸಿಟ್ಟು!

ಈಗ ನನ್ನ ಸೀನಿಯರ್ ಕಥೆ. ಅವತ್ತು ರಾತ್ರಿ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಶುರುವಾದಾಗ ಪಕ್ಕಕ್ಕೆ ತಿರುಗಿ ನೋಡಿದೆ. ಕಣ್ಣು ಮುಚ್ಚಿಕೊಂಡು ಹಾಡ್ತಿದ್ದಾರೆ. ಒಂದು ಪದವೂ ತಪ್ಪಲಿಲ್ಲ. "ಅಣ್ಣಾ, ಇದು 91ರದ್ದಲ್ವಾ?" ಅಂದೆ. "ಸುಮ್ನೆ ಕೇಳೋ" ಅಂದರು. ವಾಪಸ್ ಬರುವಾಗ ಆ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ಆದರೆ ನನಗೆ ಒಂದು ವಿಷಯ ಗೊತ್ತಾಗಿತ್ತು. ಇಷ್ಟು ವರ್ಷ ಬೈದವರೇ ಪ್ರತಿ ಆಲ್ಬಮ್ ಅನ್ನೂ ಬಿಡದೆ ಕೇಳಿದ್ದಾರೆ. ನಿಜವಾಗಿ ಕೈಬಿಟ್ಟವರು ಬೈಯೋದಿಲ್ಲ, ಎದ್ದು ಹೋಗ್ತಾರೆ.

ಇದನ್ನೆಲ್ಲ ಈಗ ಯಾಕೆ ನೆನಪಿಸಿಕೊಂಡೆ ಅಂದ್ರೆ, 'ನೀವು ಮೊದಲಿನ ಹಾಗಿಲ್ಲ' ಅನ್ನೋ ಮೆಸೇಜ್ ನನಗೂ ದಿನಾ ಬರುತ್ತೆ. ಮೊದಮೊದಲು ಬೇಜಾರಾಗ್ತಿತ್ತು. ಈಗ ಪೂರ್ತಿ ಓದ್ತೀನಿ. ಎಲ್ಲಿ ಕೆಟ್ಟದಾಗಿ ಮಾಡಿದ್ದೀನಿ ಅಂತ ಹೇಳಿದ್ದರೆ ಬರೆದಿಟ್ಟುಕೊಂಡು ತಿದ್ದಿಕೊಳ್ತೀನಿ. ಬದಲಾಗಿದ್ದೀರಿ ಅಂತಷ್ಟೇ ಇದ್ದರೆ, ಇವರಿನ್ನೂ ನೋಡ್ತಿದ್ದಾರಲ್ಲ ಅಂತ ಸಮಾಧಾನ ಪಡ್ತೀನಿ.

ಮತ್ತೆ ಸಿಗೋಣ. ಅಲ್ಲಿವರೆಗೆ ಬೈತಾ ಇರಿ, ಕೇಳ್ತಾನೂ ಇರಿ. ನಮಸ್ಕಾರ.