ಬೀಜಮೂಲ ಸ್ಥಳಾಂತರ: ಶಿವಮೊಗ್ಗ–ಭದ್ರಾವತಿ ಕಾಡುಗಳ ಇತಿಹಾಸ

ಮರದ ಜಾತಿ ಒಂದೇ ಆದರೂ ತಲೆಮಾರುಗಳಿಂದ ಬೆಳೆದ ನೆಲದ ಮಳೆ, ಬಿಸಿಲು, ಮಣ್ಣಿಗೆ ಒಗ್ಗಿದ ಗುಣ ಅದರ ಬೀಜದಲ್ಲಿ ಉಳಿದಿರುತ್ತದೆ. ಬೀಜದ ಈ ತವರನ್ನು ಬೀಜಮೂಲ ಎನ್ನುತ್ತಾರೆ. ಮುಂದೆ ಬರಲಿರುವ ಹವಾಮಾನಕ್ಕೆ ಈಗಾಗಲೇ ಒಗ್ಗಿರುವ ತವರಿನಿಂದ ಬೀಜ ತಂದು ಬಿತ್ತುವುದು ಬೀಜಮೂಲ ಸ್ಥಳಾಂತರ. ಫ್ರಾನ್ಸಿನ ಸಸ್ಯತಜ್ಞ ವಿಲ್ಮೊರಿನ್ 1820ರ ದಶಕದಿಂದ ಯುರೋಪಿನ ಹಲವು ಕಡೆಯ ಪೈನ್ ಬೀಜಗಳನ್ನು ಒಂದೇ ಜಾಗದಲ್ಲಿ ಬೆಳೆಸಿ ತವರಿನ ವ್ಯತ್ಯಾಸವನ್ನು ತೋರಿಸಿದ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಹವಾಮಾನ ಬದಲಾವಣೆಯನ್ನೇ ಮುಂದಿಟ್ಟುಕೊಂಡು 2009ರಲ್ಲಿ ದೊಡ್ಡ ಪ್ರಯೋಗ ಆರಂಭಿಸಿತು. ಶಿವಮೊಗ್ಗ ಸೀಮೆಗೆ ಹೊರಗಿನ ಬೀಜ ಬಂದದ್ದು ಕಾರ್ಖಾನೆಯ ಹಸಿವಿಗಾಗಿ, ಹವಾಮಾನದ ಚಿಂತೆಯಿಂದಲ್ಲ. ಆದರೂ ಇಲ್ಲಿನ ನೆಡುತೋಪುಗಳ ಚರಿತ್ರೆಯನ್ನು ಬಯಸದೆ ನಡೆದ ಒಂದು ಪ್ರಯೋಗವೆಂದೇ ಓದಬೇಕು.

ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದಾಗ ಅದರ ಉರುವಲು ಸುತ್ತಲಿನ ಕಾಡಿನ ಇದ್ದಿಲು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಮೊದಲು ಬಿದಿರನ್ನು ನಂಬಿತ್ತು. ಮುಂದೆ ಅದಕ್ಕೆ ನೆಟ್ಟು ಬೆಳೆಸಿದ ಮರ ಬೇಕಾಯಿತು. ರಾಜ್ಯದಲ್ಲಿ ಆಗ ಸುಲಭವಾಗಿ ಸಿಗುತ್ತಿದ್ದುದು ನಂದಿಬೆಟ್ಟದ ಹಳೆಯ ಮರಗಳಿಂದ ಹಬ್ಬಿದ ನೀಲಗಿರಿ, ಅಂದರೆ 'ಮೈಸೂರು ಗಮ್'. ಬಯಲುಸೀಮೆಯಲ್ಲಿ ಗೆದ್ದ ಈ ಬೀಜ ಪಶ್ಚಿಮ ಘಟ್ಟದ ಜಡಿಮಳೆಯಲ್ಲಿ ಗುಲಾಬಿ ರೋಗವೆಂಬ ಶಿಲೀಂಧ್ರರೋಗಕ್ಕೆ ತುತ್ತಾಯಿತು. 1980ರಲ್ಲಿ ಕಾರ್ಖಾನೆಗೆ 40 ವರ್ಷದ ಗುತ್ತಿಗೆಗೆ ಸಿಕ್ಕ ಅರಣ್ಯಭೂಮಿಯಲ್ಲಿ ಅಕೇಶಿಯಾ ವಿಪುಲವಾಗಿ ಬೆಳೆಯಿತು. ಅದರ ತವರು ಉತ್ತರ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಮಳೆ ಸುರಿಯುವ ಉಷ್ಣವಲಯ. ಮಲೆನಾಡು ಅದಕ್ಕೆ ಪರದೇಶ ಅನ್ನಿಸಲೇ ಇಲ್ಲ. ಹವಾಮಾನದ ಹೊಂದಾಣಿಕೆಯೊಂದನ್ನೇ ಅಳೆದರೆ ಇದು ಯಶಸ್ಸು. ಆದರೆ ಅದರಡಿಯಲ್ಲಿ ದನಕ್ಕೆ ಮೇವಿಲ್ಲ, ಅದರ ಬೀಜ ತೋಪು ದಾಟಿ ತಾನಾಗಿ ಮೊಳೆಯುತ್ತದೆ. ಕಾಗದದ ಉತ್ಪಾದನೆ ನಿಂತಿದ್ದರೂ 2020ರಲ್ಲಿ ಗುತ್ತಿಗೆ ಮುಂದುವರಿಸಿದಾಗ ಮಲೆನಾಡಿನ ಜನ ಬೀದಿಗಿಳಿದದ್ದು ಈ ಅನುಭವದಿಂದ.

ಹೊರಗಿನ ಬೀಜದ ಸಹವಾಸವೇ ಬೇಡವೆಂದು ಇದರಿಂದ ತೀರ್ಮಾನಿಸುವವರಿದ್ದಾರೆ. ಅವರ ಭಯ ನ್ಯಾಯವಾದದ್ದು, ತೀರ್ಮಾನ ಮಾತ್ರ ಸರಿಯಲ್ಲ. ಸಮುದ್ರದಾಚೆಯ ಜಾತಿಯನ್ನು ತರುವುದೇ ಬೇರೆ, ಇಲ್ಲಿನದೇ ಹೊನ್ನೆ, ಮತ್ತಿ, ಬೀಟೆ, ಸಾಗುವಾನಿಗಳ ಬೀಜವನ್ನು ಕೆಲವು ಹರದಾರಿ ಆಚೆಗೆ ಒಯ್ಯುವುದೇ ಬೇರೆ. ಈ ಜಿಲ್ಲೆಗೆ ಅದಕ್ಕೊಂದು ಅಪರೂಪದ ಅನುಕೂಲವಿದೆ: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿದರೆ ಶಿವಮೊಗ್ಗ ನಗರದಲ್ಲಿ ಅದರ ಐದನೇ ಒಂದು ಪಾಲೂ ಬೀಳದು. ದೂರ ದೇಶಗಳಲ್ಲಿ ನೂರಾರು ಮೈಲಿ ಹುಡುಕಬೇಕಾದ ವ್ಯತ್ಯಾಸ ಇಲ್ಲಿ ಒಂದು ಬೆಳಗಿನ ಬಸ್ ಪ್ರಯಾಣದಲ್ಲಿದೆ. ಸ್ಥಳೀಯ ಬೀಜವೇ ಶ್ರೇಷ್ಠ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಅದು ಒಗ್ಗಿರುವುದು ಕಳೆದುಹೋದ ಹವೆಗೆ, ಇಂದು ನೆಟ್ಟ ಸಾಗುವಾನಿಯಾದರೋ ಮುಂದಿನ ಶತಮಾನವನ್ನೂ ಕಾಣಬೇಕು. ಹಾಗೆಂದು ಭದ್ರಾವತಿಯ ಒಣಕಾಡಿನ ಬೀಜವನ್ನು ಏಕಾಏಕಿ ತೀರ್ಥಹಳ್ಳಿಗೆ ಒಯ್ದರೆ ನೀಲಗಿರಿಯ ಪಾಡೇ ಆದೀತು, ಏಕೆಂದರೆ ಬೇಸಿಗೆ ಬಿರುಸಾದರೂ ಮುಂಗಾರಿನ ಜಡಿ ತಪ್ಪುವುದಿಲ್ಲ. ಆದ್ದರಿಂದ ಸ್ಥಳೀಯ ಬೀಜವೇ ಹೆಚ್ಚಿರಲಿ, ಅದರೊಡನೆ ತುಸು ಪೂರ್ವದ, ತುಸು ಒಣ ಕಾಡಿನ ಬೀಜವೂ ಸೇರಲಿ. ನರ್ಸರಿಯ ದಾಖಲೆಯಲ್ಲಿ ಪ್ರತಿ ಸಸಿಯ ಜಾತಿಯ ಜೊತೆಗೆ ತಾಯಿಮರ ನಿಂತ ಜಾಗವೂ ಬರೆದಿರಲಿ.

ರಾಮಪತ್ರೆಯಂಥ ಜೌಗುಕಾಡಿನ ಮರಗಳಿಗೆ ಈ ದಾರಿಯೂ ಕಿರಿದು. ಅವುಗಳಿಗೆ ಪೂರ್ವದಲ್ಲಿ ಒಣ ತವರೇ ಇಲ್ಲ. ಬೀಜವೋ ತೇವ ಆರಿದರೆ ಕೆಲವೇ ವಾರಗಳಲ್ಲಿ ಸಾಯುತ್ತದೆ, ಚೀಲದಲ್ಲಿ ಕಟ್ಟಿಟ್ಟು ಕಾಯುವಂತಿಲ್ಲ. ಅಲ್ಲಿ ಮೊದಲು ಉಳಿಸಬೇಕಾದದ್ದು ಬೇಸಿಗೆಯಲ್ಲೂ ಬತ್ತದ ಹಳ್ಳ.